ಪದ ಬೇಕು: 'ಜಿಯೋಥರ್ಮಲ್' ಕಾಯ್ದೆಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ)

ಗೆಳೆಯರೇ,

ನ್ಯೂಜಿಲೆಂಡಿನ ರೋಟೊರುವಾ ಊರಿನ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಜನ ಹಿತ್ತಿಲಲ್ಲೇ ಬೋರ್ ಕೊರೆಸಿ, ನೆಲದೊಳಗಿನ ಬಿಸಿನೀರಿನಿಂದ ಮನೆ ಬೆಚ್ಚಗಿಟ್ಟುಕೊಳ್ಳುತ್ತಿದ್ದರು. ಎಳೆದದ್ದು ಜಾಸ್ತಿಯಾಗಿ ಊರಿನ ಬಿಸಿನೀರ ಬುಗ್ಗೆಗಳು ಸೊರಗಿದವು. ಪೊಹುಟು ಬುಗ್ಗೆಯಿಂದ ಒಂದೂವರೆ ಕಿಲೋಮೀಟರ್ ಒಳಗಿನ ಬೋರ್‌ಗಳನ್ನು ಮುಚ್ಚಿಸಲು 1986ರಲ್ಲಿ ಸರ್ಕಾರ ತೀರ್ಮಾನಿಸಿತು. 1953ರ ಕಾಯ್ದೆ ಆ ಹಕ್ಕನ್ನು ಮೊದಲೇ ಕೊಟ್ಟಿತ್ತು: ನೆಲ ನಿಮ್ಮದಿರಬಹುದು, ಅದರಡಿಯ ಬಿಸಿಯನ್ನು ತೆಗೆಯುವ ಹಕ್ಕು ಸರ್ಕಾರದ್ದು.

ಆ ಕಾಯ್ದೆಯ ಹೆಸರಿಗೇ ಸಿಕ್ಕಿಕೊಂಡಿದ್ದೇನೆ. 'ಭೂತಾಪ' ಎಂದರೆ ಜಾಗತಿಕ ತಾಪಮಾನ ಅಂದುಕೊಳ್ಳುತ್ತಾರೆ. 'ಭೂಶಾಖ' ಎಂದು ಬರೆದು ಪಕ್ಕದ ಮನೆಯವರಿಗೆ ತೋರಿಸಿದೆ. "ತಾಲ್ಲೂಕು ಕಚೇರಿಯ ಶಾಖೆಯಾ?" ಎಂದು ಕೇಳಿದರು. ನೀರು, ಹಬೆ, ಬರೀ ಬಿಸಿ, ಮೂರಕ್ಕೂ ಸಲ್ಲುವ ಪದ ಬೇಕು.

ಇನ್ನೊಂದು. ಬಿಸಿ ತೆಗೆದುಕೊಂಡ ನೀರನ್ನು ಮತ್ತೆ ನೆಲದಾಳಕ್ಕೇ ಕಳಿಸುವುದಕ್ಕೆ ಏನನ್ನೋಣ? 'ಮರುಪೂರಣ' ಮಳೆನೀರಿಗೆ ಹೋಗಿಬಿಟ್ಟಿದೆ.

* * *

ನೆಲಗಾವು. ನೆಲ + ಕಾವು, ಕಕಾರಕ್ಕೆ ಗಕಾರ. ಎರಡನೆಯದಕ್ಕೆ 'ಮರುಇಳಿಕೆ'. 'ಭೂ' ಎಂದು ಶುರು ಮಾಡಿದರೆ ಬಾಲಕ್ಕೂ ಸಂಸ್ಕೃತವೇ ಬೇಕಾಗುತ್ತದೆ. ನಿಮ್ಮ ತೊಡಕೆಲ್ಲ ಅಲ್ಲೇ ಹುಟ್ಟಿದ್ದು.

* * *

> ನೆಲಗಾವು.

ಒಪ್ಪಲಾರೆ. ಕಾವು ಎಂದರೆ ನಮ್ಮ ಕಡೆ ಕೋಳಿ ಮೊಟ್ಟೆಯ ಮೇಲೆ ಕೂರುವುದು.

ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್ ತೀರ್ಥಕ್ಕೆ ಹೋಗಿ ಬನ್ನಿ. ಕಾಲು ಇಳಿಬಿಟ್ಟರೆ ಹಂಡೆಯ ನೀರಿಗೆ ತಣ್ಣೀರು ಬೆರೆಸಿದ ಹದ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಹಳಗನ್ನಡದ ಬೆನ್ನೀರ್, ತಮಿಳಿನ ವೆನ್ನೀರ್ ಅದರ ಒಡಹುಟ್ಟುಗಳು. ನ್ಯೂಜಿಲೆಂಡಿನ 1991ರ ಕಾಯ್ದೆ, ನೆಲದೊಳಗೆ ತಾನಾಗಿ ಕಾದು 30 ಡಿಗ್ರಿ ಮುಟ್ಟಿದ ನೀರನ್ನೆಲ್ಲ ಈ ಲೆಕ್ಕಕ್ಕೆ ಹಿಡಿಯುತ್ತದೆ. ಆ ಗೆರೆ ಎಳೆದರೆ ನಮ್ಮ ತೀರ್ಥವೂ ಒಳಗೇ. ಪದ ಹುಟ್ಟಬೇಕಾದ್ದು ಇಲ್ಲಿಂದ: 'ಬೆನ್ನೆಲ'.

* * *

'ಬೆನ್ನೆಲ' ಕೇಳಿದರೆ ಬೆನ್ನೆಲುಬು ನೆನಪಾಗುತ್ತದೆ. ಬೇಡ.

ಸುಮ್ನೆ ಜಿಯೋಥರ್ಮಲ್ ಅನ್ನಿ. ಬೋರ್, ಪಂಪು, ಪೈಪು ಎಲ್ಲ ಆಗುತ್ತದೆ, ಇದೊಂದಕ್ಕೆ ಮಡಿ ಯಾಕೆ? 'ಕಾಯ್ದೆ' ಅರಬ್ಬಿಯದು, 'ಪರವಾನಗಿ' ಪಾರಸಿಯದು.

* * *

ಅವು ನೂರಾರು ವರ್ಷ ಬಾಯಲ್ಲಿ ಪಳಗಿ ನಮ್ಮವಾದವು. ಬೋರ್ ಕೊರೆಸುವವರೇ ಬೋರ್ ಅನ್ನುತ್ತಾರೆ. ಜಿಯೋಥರ್ಮಲ್ ಅನ್ನುವವರು ಯಾವ ಊರಲ್ಲಿದ್ದಾರೆ ತೋರಿಸಿ. ಎರವಲು ತರಬೇಡಿ ಎನ್ನುತ್ತಿಲ್ಲ. ಮನೆಯಲ್ಲಿ ಇಲ್ಲದ್ದನ್ನು ತನ್ನಿ. ಬಿಸಿ ಇಲ್ವಾ ನಮ್ಮ ಮನೆಯಲ್ಲಿ?

* * *

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಕಳಿಸಬೇಕು, ಹಾಗಾಗಿ ಇಷ್ಟಕ್ಕೆ ನಿಲ್ಲಿಸುತ್ತೇನೆ. 'ಮರುಇಳಿಕೆ' ತೆಗೆದುಕೊಂಡೆ. ಉಳಿದ ಕಡೆಯೆಲ್ಲ 'ನೆಲದಡಿಯ ಬಿಸಿ', ಹೆಸರಿಗೆ 'ನೆಲಬಿಸಿ ಕಾಯ್ದೆ'. ಕಾವು ಬಿಟ್ಟದ್ದಕ್ಕೆ ಬೇಸರ ಬೇಡ.

ತಿದ್ದಿದ ಪುಟವನ್ನು ಪಕ್ಕದ ಮನೆಯವರಿಗೆ ಮತ್ತೆ ತೋರಿಸಿದೆ. ಈ ಸಲ ಶಾಖೆಯ ಮಾತೇ ಬರಲಿಲ್ಲ. "ನಮ್ಮ ಹಿತ್ತಿಲ ಕೆಳಗೇ ಇದ್ದರೂ ಆ ಬಿಸಿ ನಮ್ಮದಲ್ವಾ?" ಎಂದು ಕೇಳಿದರು.