ಕರೆಂಟ್ ಇಲ್ಲದ ಸೈಟಿನಲ್ಲಿ ಎಸ್‌ಆರ್: ಎಕ್ಸೋಥರ್ಮಿಕ್ ಕಿಟ್ ನಂಬಬಹುದಾ?

ಹಾಸನ ಫ್ಯಾಬ್ರಿಕೇಶನ್: ಎಲ್ಲರಿಗೂ ನಮಸ್ಕಾರ. ಸಕಲೇಶಪುರ ಘಾಟಿ ಕಡೆ ಒಂದು ಸಣ್ಣ ಜಲವಿದ್ಯುತ್ ಘಟಕದ ಪೆನ್‌ಸ್ಟಾಕ್ (ಟರ್ಬೈನಿಗೆ ನೀರು ತರುವ ದೊಡ್ಡ ಪೈಪ್) ಕೆಲಸ ಬಂದಿದೆ. ಪೈಪ್ 20 ಎಂಎಂ ದಪ್ಪ. ಕೆಳಗೆ ಎರಡು ಟರ್ಬೈನಿಗೆ ಕವಲಾಗುವ ವೈ-ಪೀಸ್ ಇದೆ, ಅದರೊಳಗಿನ ಸಿಕಲ್ ಪ್ಲೇಟ್ (ಕವಲಿಗೆ ಬಲ ಕೊಡುವ ಕುಡುಗೋಲಿನಾಕಾರದ ತಗಡು) 50 ಎಂಎಂ. ಎಲ್ಲ ಸಾದಾ ಕಾರ್ಬನ್ ಸ್ಟೀಲ್. ಆಸ್ಮೆ ಸೆಕ್ಷನ್ 8 (ಒತ್ತಡದ ಪಾತ್ರೆಗಳ ಅಮೆರಿಕನ್ ಕೋಡ್) ಪ್ರಕಾರ ಎಸ್‌ಆರ್, ಅಂದರೆ ವೆಲ್ಡ್ ಕಾಯಿಸಿ ಒಳಗಿನ ಎಳೆತ ಸಡಿಲಿಸುವ ಸ್ಟ್ರೆಸ್ ರಿಲೀವಿಂಗ್, ಮಾಡಬೇಕು ಅಂತ ಡ್ರಾಯಿಂಗಿನಲ್ಲಿದೆ. ಅಲ್ಲಿ ತ್ರೀ ಫೇಸ್ ಇಲ್ಲ. ದೊಡ್ಡ ಡೀಸೆಲ್ ಜನರೇಟರ್ ಇಳಿಸೋಕೆ ಕಷ್ಟ, ಇಳಿಜಾರು ಹಾಗಿದೆ. ಜಾಯಿಂಟ್ ಸುತ್ತ ಎಕ್ಸೋಥರ್ಮಿಕ್ ಕಿಟ್ ಕಟ್ಟಿ ಹೊತ್ತಿಸಿಬಿಡಿ, ಕರೆಂಟೇ ಬೇಡ ಅಂತ ಒಬ್ಬರು ಹೇಳಿದರು. ಗೊತ್ತಿರೋರು ಹೇಳಿ.

ನಿವೃತ್ತ ಸೈಟ್ ಎಂಜಿನಿಯರ್: ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಪೈಪಿನ ಅಳತೆಗೆ ತಕ್ಕಂತೆ ಮಾಡಿದ ಅಚ್ಚುಗಳು ಅವು. ಉರಿಯುವ ಪದಾರ್ಥ ಅದರಲ್ಲೇ ಇರುತ್ತದೆ. ಹೊತ್ತಿಸಿದರೆ ಸುತ್ತಲೂ ಶಾಖ ಕೊಡುತ್ತದೆ. ಟಾರ್ಚ್ ಹಿಡಿದು ಕಾಯಿಸಿದರೆ ಮೇಲೆ ಕೆಂಪಗೆ, ಕೆಳಗೆ ತಣ್ಣಗೆ. ಆ ಗೋಳು ಇಲ್ಲ. ಟ್ರಾನ್ಸ್‌ಫಾರ್ಮರ್, ಕೇಬಲ್ ಯಾವುದೂ ಬೇಡ. ಒಂದೇ ಅಳತೆಯ ಸಣ್ಣ ಪೈಪ್ ಜಾಯಿಂಟುಗಳು ಸಾಲಾಗಿ ಇದ್ದರೆ ಕೆಲಸ ಬೇಗ ಮುಗಿಯುತ್ತದೆ.

ಎನ್‌ಡಿಟಿ ಚಿಕ್ಕಮಗಳೂರು: ಸರ್, ನೀವು ಹೇಳಿದ ಗುಣಗಳು ನಿಜ. ಆದರೆ ಹೊತ್ತಿಸಿದ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ನನ್ನ ತಕರಾರು ಅಷ್ಟೇ. ಲೆಕ್ಕ ನೋಡಿ. ಕಾರ್ಬನ್ ಸ್ಟೀಲಿಗೆ ಕನಿಷ್ಠ 595 ಡಿಗ್ರಿ ಬೇಕು. ಪ್ರತಿ 25 ಎಂಎಂ ದಪ್ಪಕ್ಕೆ ಒಂದು ಗಂಟೆ ಹಿಡಿದಿಡಬೇಕು, ಅಂದರೆ 50 ಎಂಎಂಗೆ ಎರಡು ಗಂಟೆ. 425 ಡಿಗ್ರಿ ದಾಟಿದ ಮೇಲೆ ಈ ದಪ್ಪಕ್ಕೆ ಗಂಟೆಗೆ ಸುಮಾರು 111 ಡಿಗ್ರಿಗಿಂತ ಜೋರಾಗಿ ಏರಿಸುವಂತಿಲ್ಲ. ಇಳಿಸುವಾಗ ಗಂಟೆಗೆ ಸುಮಾರು 140. ಕಿಟ್ ಹೊತ್ತಿದರೆ ನಿಮಿಷಗಳಲ್ಲೇ ಏರಿಬಿಡುತ್ತದೆ. ಎಷ್ಟು ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಅಚ್ಚಿನ ದಪ್ಪದಲ್ಲೇ ತೀರ್ಮಾನವಾಗಿರುತ್ತದೆ. ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಹಾಕಿದರೂ ಪ್ರಯೋಜನ ಕಡಿಮೆ. ಟೆಂಪರೇಚರ್ ತಪ್ಪಿದ್ದು ಕಾಣುತ್ತದೆ, ಸರಿಮಾಡೋಕೆ ಆಗಲ್ಲ. 720ರ ಆಸುಪಾಸು ದಾಟಿತೋ, ಸ್ಟೀಲಿನ ಒಳರಚನೆಯೇ ಬದಲಾಗೋಕೆ ಶುರು. ಆಮೇಲೆ ಅದನ್ನು ಎಸ್‌ಆರ್ ಅಂತ ಕರೆಯೋಕೇ ಬರಲ್ಲ.

ರೈಲ್ವೆ ಗ್ಯಾಂಗ್: ನಮ್ಮ ಘಾಟ್ ಲೈನಿನಲ್ಲಿ ಹಳಿ ಜೋಡಿಸೋದು ಥರ್ಮಿಟ್ ಪುಡಿಯಲ್ಲೇ ಅಲ್ವಾ? ಅಲ್ಯೂಮಿನಿಯಂ ಪುಡಿ, ಕಬ್ಬಿಣದ ಆಕ್ಸೈಡ್. ಜರ್ಮನಿಯಲ್ಲಿ ಗೋಲ್ಡ್‌ಶ್ಮಿಟ್ ಅನ್ನೋರು ಕಂಡುಹಿಡಿದದ್ದು, 1899ರಲ್ಲೇ ಎಸ್ಸೆನ್ ಊರಿನ ಟ್ರಾಮ್ ಹಳಿಗೆ ಬಳಸಿದ್ದರು. ನೂರು ವರ್ಷ ನಡೆದಿರೋ ವಿದ್ಯೆಗೆ ಇಷ್ಟು ಭಯ ಯಾಕೆ ಮೇಡಂ?

ಎನ್‌ಡಿಟಿ ಚಿಕ್ಕಮಗಳೂರು: ಅಣ್ಣ, ಹಳಿಗೆ ನಿಮಗೆ ಬೇಕಾದ್ದು ಕರಗಿದ ಲೋಹ. ಆ ಉರಿ 2000 ಡಿಗ್ರಿ ದಾಟುತ್ತದೆ, ದಾಟಲೇಬೇಕು. ನಮಗೆ ಇಲ್ಲಿ ಲೋಹ ಕರಗಬಾರದು. ವೆಲ್ಡ್ ತಣ್ಣಗಾಗುವಾಗ ಒಳಗೆ ಸಿಕ್ಕಿಕೊಂಡ ಎಳೆತ ನಿಧಾನವಾಗಿ ಸಡಿಲಾಗಬೇಕು. ಅದಕ್ಕೆ ಶಾಖದಷ್ಟೇ ಸಮಯವೂ ಬೇಕು.

ಎಸ್ಟೇಟ್ ಮೂಡಿಗೆರೆ: ನನಗೆ ವೆಲ್ಡಿಂಗ್ ಗೊತ್ತಿಲ್ಲ ಮಾರಾಯ್ರೇ, ಆದರೆ ನಮ್ಮ ಕಡೆ ಜಾಗ ಗೊತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ತೋಟದ ತುಂಬ ಒಣಗಿದ ತರಗೆಲೆ. ಒಂದು ಕಿಡಿ ಸಾಕು. ಆ ಪುಡಿಯ ಬೆಂಕಿಗೆ ನೀರು ಹಾಕಿದರೆ ಆರಲ್ಲ, ಇನ್ನೂ ಸಿಡಿಯುತ್ತೆ ಅಂತ ಕೇಳಿದ್ದೀನಿ. ಮಳೆಗಾಲಕ್ಕೆ ತಳ್ಳಿದರೆ ಜುಲೈನಲ್ಲಿ ಅಲ್ಲಿ ಕಡ್ಡಿ ಗೀರೋಕೂ ಆಗಲ್ಲ. ದಯವಿಟ್ಟು ಇದನ್ನೂ ಯೋಚಿಸಿ. ಪಕ್ಕದ ತೋಟದವನ ಕಾಫಿ ಗಿಡ ಸುಟ್ಟರೆ ಮತ್ತೆ ಫಸಲು ಬರೋಕೆ ವರ್ಷಗಳೇ ಬೇಕು.

ನಿವೃತ್ತ ಸೈಟ್ ಎಂಜಿನಿಯರ್: ಎಸ್ಟೇಟಿನವರ ಮಾತು ನಿಜ, ನೀರು ಹಾಕಲೇಬಾರದು. ಮೇಡಂ ಹೇಳಿದ್ದರಲ್ಲೂ ಒಂದನ್ನು ಒಪ್ಪುತ್ತೇನೆ, ಕ್ರೋಮ್-ಮಾಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲ್) ಪೈಪಿಗೆ ನಾನೂ ಇದನ್ನು ಮುಟ್ಟಿಸಲ್ಲ. ಅದರಲ್ಲೇ ಪಿ91 ಅನ್ನೋ ದರ್ಜೆಯ ಥರದ್ದಕ್ಕಂತೂ ಕನಸಿನಲ್ಲೂ ಬೇಡ. ಅಲ್ಲಿ ಹದ ತಪ್ಪಿದರೆ ಪೈಪೇ ಹೋಯಿತು. ಸಾದಾ ಸ್ಟೀಲಿನ ಸಣ್ಣ ಗೋಲ ಜಾಯಿಂಟಿಗೆ, ಕರೆಂಟ್ ಇಲ್ಲದ ಕಡೆ, ಅದಕ್ಕೆ ಜಾಗ ಇದೆ ಅಂತ ಈಗಲೂ ಹೇಳುತ್ತೇನೆ.

ವರ್ಕ್‌ಶಾಪ್ ಹುಡುಗಿ: ಸರ್, ಇವರ ಕೆಲಸ ಗೋಲ ಜಾಯಿಂಟ್ ಅಲ್ಲವಲ್ಲ. ವೈ-ಪೀಸಿನಲ್ಲಿ 50 ಎಂಎಂ ಪ್ಲೇಟಿಗೆ ತೆಳು ಪೈಪ್ ಓರೆಯಾಗಿ ಕೂಡುತ್ತೆ. ಅದಕ್ಕೆ ಯಾವ ಅಳತೆಯ ಅಚ್ಚು ಕಟ್ಟೋದು? ದಪ್ಪ ಕಡೆ ಕಾಯುವಷ್ಟರಲ್ಲಿ ತೆಳು ಕಡೆ ಮಿತಿ ಮೀರಿರುತ್ತೆ. ಒಂದು ಜಾಗ ಮಾತ್ರ ಬಿಸಿಯಾಗಿ ಹಿಗ್ಗಿ, ಸುತ್ತಲಿನ ತಣ್ಣನೆಯ ಸ್ಟೀಲ್ ಅದನ್ನು ಬಿಗಿಹಿಡಿದರೆ ಹೊಸ ಎಳೆತ ಹುಟ್ಟುತ್ತೆ.

ಹಾಸನ ಅಣ್ಣ, ಒಂದು ಪ್ರಶ್ನೆ. ವೈ-ಪೀಸನ್ನು ಸೈಟಿನಲ್ಲೇ ವೆಲ್ಡ್ ಮಾಡಬೇಕು ಅಂತ ಯಾರು ಹೇಳಿದ್ದು? ವರ್ಕ್‌ಶಾಪಿನಲ್ಲಿ ಪೂರ್ತಿ ಮಾಡಿ, ಫರ್ನೇಸಿನಲ್ಲಿ ಎಸ್‌ಆರ್ ಮಾಡಿಸಿ, ಟೆಂಪರೇಚರ್ ದಾಖಲೆಯ ಚಾರ್ಟ್ ತಗೊಂಡು ಆಮೇಲೆ ಸಾಗಿಸಿ. ಮೂರೂ ಬಾಯಿಗೆ 20 ಎಂಎಂ ಪೈಪಿನ ತುಂಡು ಬೆಸೆದೇ ಬಿಡಿ. ಆಗ ಸೈಟಿನಲ್ಲಿ ಉಳಿಯೋದು ಬರೀ 20 ಎಂಎಂ ಜಾಯಿಂಟ್. ಅದೇ ಸೆಕ್ಷನ್ 8ರಲ್ಲಿ ಸಾದಾ ಕಾರ್ಬನ್ ಸ್ಟೀಲ್ 32 ಎಂಎಂ ಒಳಗಿದ್ದರೆ, ಬೇರೆ ಕಾರಣ ಇಲ್ಲದಿದ್ದರೆ, ದಪ್ಪದ ಲೆಕ್ಕದಲ್ಲಿ ಎಸ್‌ಆರ್ ಕಡ್ಡಾಯವೇ ಅಲ್ಲ. ಡಿಸೈನ್ ಮಾಡಿದವರ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ ಅಷ್ಟೇ.

ಹಾಸನ ಫ್ಯಾಬ್ರಿಕೇಶನ್: ಈ ದಾರಿ ಹೊಳೆದೇ ಇರಲಿಲ್ಲ, ತುಂಬ ಥ್ಯಾಂಕ್ಸ್. ತುಂಡು ಸೇರಿದರೆ ಲಾರಿಯಲ್ಲಿ ತಿರುವು ದಾಟುತ್ತಾ ಅಂತ ನಾಳೆ ಅಳೆಸುತ್ತೇನೆ. ಫರ್ನೇಸಿನಲ್ಲಿ ಬಾಯಿ ಓರೆಯಾದರೆ ಸೈಟಿನಲ್ಲಿ ಫಿಟಪ್ ಸಿಗಲ್ವಲ್ಲ, ಪೈಪಿಗೆ ಸರಿಯಾಗಿ ಕೂರಲ್ವಲ್ಲ?

ನಿವೃತ್ತ ಸೈಟ್ ಎಂಜಿನಿಯರ್: ಬಾಯಿಗಳಿಗೆ ಒಳಗಿಂದ ಸ್ಪೈಡರ್ (ಆಕಾರ ಹಿಡಿದಿಡುವ ಅಡ್ಡಪಟ್ಟಿಗಳು) ಕಟ್ಟಿ, ಕೆಳಗೆ ಸ್ಯಾಡಲ್ (ಆಸರೆ) ಕೊಟ್ಟು ಫರ್ನೇಸಿನೊಳಗೆ ಕಳಿಸಿ. ಸ್ಪೈಡರನ್ನು ಸೈಟಿನಲ್ಲಿ ಜಾಯಿಂಟ್ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಆದ ಮೇಲೆಯೇ ತೆಗೆಯಿರಿ. ಸೈಟ್ ಜಾಯಿಂಟಿಗೆ 7018 ವೆಲ್ಡಿಂಗ್ ರಾಡನ್ನು ಓವನ್‌ನಲ್ಲಿ ಒಣಗಿಸಿಯೇ ಬಳಸಿ, ಆ ಮಂಜಿನ ಊರಲ್ಲಿ ಪ್ಯಾಕೆಟ್ ಒಡೆದು ಇಟ್ಟರೆ ಬೇಗ ತೇವ ಹಿಡಿಯುತ್ತೆ. ವೆಲ್ಡ್ ಶುರುವಿಗೆ ಮೊದಲು ಗ್ಯಾಸಿನಲ್ಲಿ ಕಾಯಿಸಿ ತೇವ ಓಡಿಸಿ.

ಎನ್‌ಡಿಟಿ ಚಿಕ್ಕಮಗಳೂರು: ಸಿಕಲ್ ಪ್ಲೇಟಿನ ವೆಲ್ಡಿಗೆ ಎಸ್‌ಆರ್ ಮುಂಚೆ ಒಂದು ಸಲ, ಆದ ಮೇಲೆ ಇನ್ನೊಂದು ಸಲ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ. ಫರ್ನೇಸಿನಿಂದ ಬಂದ ಮೇಲೆ ಬಿರುಕು ಕಂಡರೆ ರಿಪೇರಿ ಮಾಡಿ ಮತ್ತೆ ಎಸ್‌ಆರ್‌ಗೆ ಕಳಿಸಬೇಕಾಗುತ್ತೆ. ಥರ್ಮೋಕಪಲ್ ದಪ್ಪ ಪ್ಲೇಟಿಗೂ ಇರಲಿ, ತೆಳು ಪೈಪಿಗೂ ಇರಲಿ.