ಬಲಗಣ್ಣಿನ ಪಾಪೆ ಹಿಗ್ಗಿದೆ, ಸೋತಿರುವುದು ಎಡಗೈ: ಯಾಕೆ ಹೀಗೆ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ

ಬಲಗಡೆಯ ಮೆದುಳು ಎಡಗಡೆಯ ಮೈಯನ್ನು ಆಡಿಸುತ್ತದೆ, ಎಡಗಡೆಯದು ಬಲಗಡೆಯನ್ನು ಎಂದು ಓದಿದ್ದೇವೆ. ಆದರೆ ತಲೆಗೆ ಪೆಟ್ಟು ಬಿದ್ದು ಬಲಗಡೆ ರಕ್ತ ಹೆಪ್ಪುಗಟ್ಟಿದ ರೋಗಿಗೆ ಬಲಗಣ್ಣಿನ ಪಾಪೆಯೇ ಹಿಗ್ಗುತ್ತದೆ, ಕೈಕಾಲು ಮಾತ್ರ ಎಡಗಡೆಯವು ಸೋಲುತ್ತವೆ ಎಂದು ನೋಟ್ಸ್‌ನಲ್ಲಿದೆ. ಕಣ್ಣಿಗೊಂದು ನ್ಯಾಯ, ಕೈಗೊಂದು ನ್ಯಾಯ ಯಾಕೆ? ಬಿಪಿ ಏರಿ ಪಲ್ಸ್ ಇಳಿಯುವುದಾದರೂ ಹೇಗೆ? ಮೇಡಂ, ಸರ್, ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1: ಅನಾಟಮಿ ಬೋಧಕಿ

ಎರಡೂ ದಾರಿಗಳನ್ನು ಒಂದೇ ಹಾಳೆಯಲ್ಲಿ ಗೀಟು ಹಾಕಿ ನೋಡಿ, ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಕೈಕಾಲಿನ ಆಜ್ಞೆ ಮೆದುಳಿನ ಹೊರಪದರದ ಮೋಟಾರ್ ಕಾರ್ಟೆಕ್ಸ್‌ನಲ್ಲಿ ಹುಟ್ಟಿ, ಒಳಗಿನ ಎಳೆಗಳ ದಾರಿಯಾದ ಇಂಟರ್ನಲ್ ಕ್ಯಾಪ್ಸೂಲ್, ಆಮೇಲೆ ಬ್ರೇನ್‌ಸ್ಟೆಮ್‌ನ (ಮೆದುಳಿನ ಕಾಂಡದ) ಮಿಡ್‌ಬ್ರೇನ್, ಪಾನ್ಸ್ ಹಾದು ಅದರ ಕೆಳಭಾಗವಾದ ಮೆಡುಲ್ಲಾಗೆ ಇಳಿಯುತ್ತದೆ. ನೂರಕ್ಕೆ 85ರಿಂದ 90 ಎಳೆಗಳು ಮೆಡುಲ್ಲಾದ ಕೆಳತುದಿಯಲ್ಲಿ ಆ ಬದಿಯಿಂದ ಈ ಬದಿಗೆ ದಾಟುತ್ತವೆ. ಹಾಗಾಗಿ ಅದಕ್ಕಿಂತ ಮೇಲೆ ಎಲ್ಲಿ ಒತ್ತಡ ಬಿದ್ದರೂ ಸೋಲುವುದು ಎದುರು ಬದಿಯ ಕೈಕಾಲು.

ಪಾಪೆಯನ್ನು ಕುಗ್ಗಿಸುವುದು ಮೂರನೇ ಕ್ರೇನಿಯಲ್ ನರ (ಮೆದುಳಿನಿಂದಲೇ ನೇರ ಹೊರಡುವ ನರಗಳಲ್ಲಿ ಮೂರನೆಯದು), ಆಕ್ಯುಲೋಮೋಟಾರ್. ಅದು ಮಿಡ್‌ಬ್ರೇನಿನಿಂದ ಹೊರಬಂದು ತನ್ನದೇ ಬದಿಯ ಕಣ್ಣಿಗೆ ಹೋಗುತ್ತದೆ. ಸೆರೆಬ್ರಮ್ (ದೊಡ್ಡ ಮೆದುಳು) ಮತ್ತು ಸೆರೆಬೆಲ್ಲಮ್ (ಹಿಂದಿನ ಕಿರುಮೆದುಳು) ನಡುವೆ ಡ್ಯೂರಾದ, ಅಂದರೆ ಮೆದುಳಿನ ಹೊರಪೊರೆಯ, ಒಂದು ಗಟ್ಟಿ ಪರದೆ ಇದೆ, ಟೆಂಟೋರಿಯಂ. ಅದರ ನಡುಗಿಂಡಿಯಲ್ಲಿ ಮಿಡ್‌ಬ್ರೇನ್ ನಿಂತಿದೆ, ಪಕ್ಕದಲ್ಲೇ ಈ ನರ ಹಾಯುತ್ತದೆ. ಬಲಗಡೆ ರಕ್ತ ತುಂಬಿದಂತೆ ಮೆದುಳಿನ ಕಿವಿಬದಿಯ ಭಾಗವಾದ ಟೆಂಪೊರಲ್ ಲೋಬಿನ ಒಳ ಅಂಚು, ಅಂದರೆ ಅಂಕಸ್, ಆ ಗಿಂಡಿಯೊಳಕ್ಕೆ ನುಗ್ಗಿ ನರವನ್ನು ಅದುಮುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಪಾಪೆ ಕುಗ್ಗಿಸುವ ಪ್ಯಾರಾಸಿಂಪಥೆಟಿಕ್ ಎಳೆಗಳು ನರದ ಮೇಲ್ಮೈಯಲ್ಲಿವೆ. ಕಣ್ಣುಗುಡ್ಡೆ, ರೆಪ್ಪೆ ಆಡಿಸುವ ಎಳೆಗಳು ಒಳಗಿವೆ. ಹೊರಗಿಂದ ಅದುಮಿದರೆ ಮೊದಲು ಸೋಲುವುದು ಮೇಲ್ಮೈಯವು. ಅದಕ್ಕೇ ಪಾಪೆ ಮೊದಲು ಹಿಗ್ಗುತ್ತದೆ. ರೆಪ್ಪೆ ಜೋಲುವುದು, ಕಣ್ಣು ಹೊರಕ್ಕೂ ಕೆಳಕ್ಕೂ ತಿರುಗುವುದು ಆಮೇಲೆ. ಸಕ್ಕರೆ ಕಾಯಿಲೆಯವರಲ್ಲಿ ಇದೇ ನರ ಕೆಟ್ಟಾಗ ಬಹುಪಾಲು ತದ್ವಿರುದ್ಧ: ನರದ ಒಳಗಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವುದರಿಂದ ರೆಪ್ಪೆ ಜೋತರೂ ಪಾಪೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಉತ್ತರ 2: ನ್ಯೂರೋ ಐಸಿಯು ಸ್ಟಾಫ್ ನರ್ಸ್

ಬಿಪಿ, ಪಲ್ಸ್ ಬಗ್ಗೆ ನಾನು ಹೇಳುತ್ತೇನೆ. ದೊಡ್ಡವರ ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಸುಮಾರು 80 ಪಾಲು ಮೆದುಳು, 10 ಪಾಲು ರಕ್ತ, 10 ಪಾಲು ಸಿಎಸ್‌ಎಫ್ (ಮೆದುಳು, ಬೆನ್ನುಹುರಿಯ ಸುತ್ತಲಿನ ದ್ರವ). ಹೊಸದಾಗಿ ರಕ್ತ ಸೇರಿದಾಗ ಮೊದಲು ಸಿಎಸ್‌ಎಫ್ ಬೆನ್ನುಹುರಿಯ ಕಡೆಗೆ ಜಾರಿ, ವೀನ್‌ಗಳ ರಕ್ತ ಹೊರಹೋಗಿ ಜಾಗ ಮಾಡಿಕೊಡುತ್ತವೆ. ಆ ಅವಕಾಶ ಮುಗಿದ ಮೇಲೆ ಕೆಲವೇ ಮಿ.ಲೀ. ಹೆಚ್ಚಾದರೂ ಒತ್ತಡ ದಿಢೀರನೆ ಏರುತ್ತದೆ.

ಲೆಕ್ಕ ಹೀಗೆ: ಮೆದುಳಿಗೆ ರಕ್ತ ನೂಕುವ ಬಲ ಬೇಕೆಂದರೆ ಮೀನ್ ಬಿಪಿಯಿಂದ (ಸರಾಸರಿ ರಕ್ತದೊತ್ತಡದಿಂದ) ತಲೆಯೊಳಗಿನ ಒತ್ತಡವನ್ನು ಕಳೆಯಿರಿ; ಅಂಕಿಗಳೆಲ್ಲ ಎಂಎಂಎಚ್‌ಜಿಯಲ್ಲಿ. ಬಿಪಿ 120/80 ಇದ್ದರೆ ಮೀನ್ ಸುಮಾರು 93. ಒಳ ಒತ್ತಡ 10 ಇದ್ದರೆ ಉಳಿಯುವುದು 83. ಅದೇ 40ಕ್ಕೆ ಏರಿದರೆ ಉಳಿಯುವುದು 53. ಬೇಕಾಗಿರುವುದು 60ರಿಂದ 70. ರಕ್ತ ಸಾಲದ ಬ್ರೇನ್‌ಸ್ಟೆಮ್ ಸಿಂಪಥೆಟಿಕ್ ನರಗಳ ಮೂಲಕ ರಕ್ತನಾಳಗಳನ್ನು ಬಿಗಿಸಿ ಬಿಪಿ ಏರಿಸುತ್ತದೆ. ಏರಿದ ಬಿಪಿಯನ್ನು ಕತ್ತಿನ ಕೆರೋಟಿಡ್ ಸೈನಸ್, ಹೃದಯದಿಂದ ಹೊರಡುವ ಅಯೋರ್ಟಾಗಳ ಬ್ಯಾರೊರಿಸೆಪ್ಟರ್‌ಗಳು (ಒತ್ತಡ ಅರಿಯುವ ನರತುದಿಗಳು) ಗ್ರಹಿಸುತ್ತವೆ. ವೇಗಸ್ ನರ ಹೃದಯವನ್ನು ನಿಧಾನಿಸುತ್ತದೆ. ಬಿಪಿ ಮೇಲೆ, ಪಲ್ಸ್ ಕೆಳಗೆ, ಉಸಿರಾಟ ತಾಳ ತಪ್ಪಿದ್ದು: ಈ ಮೂರು ಲಕ್ಷಣಗಳ ಗುಂಪೇ ಕುಶಿಂಗ್ ಟ್ರಯಾಡ್.

ಶಾಕ್‌ನಲ್ಲಿ (ಮೈಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿಯಲ್ಲಿ) ಸಾಮಾನ್ಯವಾಗಿ ಇದರ ತಿರುವುಮುರುವು. ತಲೆಗೆ ಪೆಟ್ಟಾದವರ ಬಿಪಿ ಬಿದ್ದು ಪಲ್ಸ್ ಓಡುತ್ತಿದ್ದರೆ ಅದನ್ನು ತಲೆಯ ಪೆಟ್ಟಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಹೊಟ್ಟೆ, ಎದೆ, ಪೆಲ್ವಿಸ್, ತೊಡೆಮೂಳೆಗಳಲ್ಲಿ ರಕ್ತ ಹೋಗುತ್ತಿದೆಯೇ ನೋಡಬೇಕು.

ಉತ್ತರ 3: ಕ್ಲಿನಿಕಲ್ ಇನ್‌ಸ್ಟ್ರಕ್ಟರ್

ಮೇಲಿನ ಎರಡೂ ಉತ್ತರ ಸರಿ. ಒಂದು ಮಾತು ಮಾತ್ರ ಒತ್ತಿ ಹೇಳಬೇಕು: ಟ್ರಯಾಡ್ ಬರುವುದು ತೀರಾ ತಡವಾಗಿ. ಅದಕ್ಕೆ ಕಾಯುತ್ತ ಕುಳಿತರೆ ರೋಗಿ ಕೈತಪ್ಪುತ್ತಾರೆ. ಮೊದಲು ಬದಲಾಗುವುದು ಪ್ರಜ್ಞೆ. ಹೆಸರು ಹೇಳುತ್ತಿದ್ದವರು ತಡವರಿಸುವುದು, ಸುಮ್ಮನಿದ್ದವರು ಚಡಪಡಿಸಿ ಐವಿ ಕಿತ್ತುಕೊಳ್ಳುವುದು, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆಗೆ ಜಾರುವುದು. "ರೋಗಿ ಮಲಗಿದ್ದಾರೆ" ಎಂದು ಚಾರ್ಟಿನಲ್ಲಿ ಬರೆಯುವ ಮುಂಚೆ ಎಬ್ಬಿಸಿ ನೋಡಿ.

ಜಿಸಿಎಸ್‌ನಲ್ಲಿ (ಪ್ರಜ್ಞೆ ಅಳೆಯುವ ಗ್ಲಾಸ್ಗೊ ಕೋಮಾ ಸ್ಕೇಲ್) ಮೊತ್ತವನ್ನಷ್ಟೇ ಬರೆಯಬೇಡಿ. ಇ (ಕಣ್ಣು ತೆರೆಯುವುದು), ವಿ (ಮಾತು), ಎಂ (ಕೈಕಾಲಿನ ಚಲನೆ) ಬೇರೆ ಬೇರೆ ಬರೆಯಿರಿ. ಹೆಚ್ಚು ತಪ್ಪಾಗುವುದು ಎಂ5ರಲ್ಲಿ, ಅಂದರೆ ಎಂಗೆ 5 ಅಂಕ ಕೊಡುವಾಗ. ಕತ್ತು-ಹೆಗಲ ನಡುವಿನ ಟ್ರಪೀಜಿಯಸ್ ಸ್ನಾಯು ಹಿಂಡಿದಾಗ ಕೈ ಕಾಲರ್‌ಬೋನ್ ದಾಟಿ ನೋವಿನ ಜಾಗಕ್ಕೆ ಬಂದರೆ ಮಾತ್ರ 5. ಬೆರಳು ಒತ್ತಿದಾಗ ಕೈ ಹಿಂದೆಳೆದುಕೊಂಡರೆ ಅದು 5 ಅಲ್ಲ. ಮೊತ್ತ 2 ಕುಸಿದರೆ ತಕ್ಷಣ ಡಾಕ್ಟರನ್ನು ಕರೆಯಿರಿ. ಎಂ ಒಂದೇ ಅಂಕ ಇಳಿದರೂ ತಿಳಿಸಿ. 8 ಅಥವಾ ಕೆಳಗಿದ್ದರೆ ರೋಗಿ ತನ್ನ ಏರ್‌ವೇ (ಉಸಿರಿನ ದಾರಿ) ಕಾಪಾಡಿಕೊಳ್ಳಲಾರರು ಎಂದೇ ಎಣಿಸಿ. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ) ನೋಡಲು ಮರೆಯಬೇಡಿ, ಸಕ್ಕರೆ ಇಳಿದರೂ ಪ್ರಜ್ಞೆ ಹೋಗುತ್ತದೆ.

ಪಾಪೆ ನೋಡುವಾಗ ಕೋಣೆಯ ಬೆಳಕು ತಗ್ಗಿಸಿ, ಟಾರ್ಚ್ ಹಾಕುವ ಮೊದಲೇ ಎರಡರ ಅಳತೆಯನ್ನೂ ಮಿ.ಮೀ.ನಲ್ಲಿ ಬರೆಯಿರಿ. ಬೆಳಕನ್ನು ಪಕ್ಕದಿಂದ ತನ್ನಿ. ನೇರ ಎದುರಿಂದ ತಂದರೆ ಎಚ್ಚರವಿರುವವರು ಹತ್ತಿರದ ವಸ್ತು ನೋಡಿಯೇ ಪಾಪೆ ಕುಗ್ಗಿಸುತ್ತಾರೆ. ಕಣ್ಣಿನ ಪೊರೆ ಆಪರೇಷನ್ ಆಗಿದೆಯೇ, ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ್ದಾರೆಯೇ ಎಂದು ಮನೆಯವರನ್ನು ಕೇಳಿ.

ಮರುಪ್ರಶ್ನೆ: ವಿದ್ಯಾರ್ಥಿನಿ

ತುಂಬಾ ಧನ್ಯವಾದ ಮೇಡಂ. ಪಾಪೆ ಹಿಗ್ಗಿದ ಬದಿಯಲ್ಲೇ ಕೈಕಾಲು ಸೋತರೆ? ಡಾಕ್ಟರು ಬರುವವರೆಗೆ ನಾವೇನು ಮಾಡಬಹುದು?

ಉತ್ತರ 4: ನ್ಯೂರೋ ಐಸಿಯು ಸ್ಟಾಫ್ ನರ್ಸ್

ಹಾಗೂ ಆಗುವುದುಂಟು. ನೂಕಿದ ರಭಸಕ್ಕೆ ಮಿಡ್‌ಬ್ರೇನ್ ಆಚೆ ಸರಿದು, ಎದುರು ಬದಿಯ ಟೆಂಟೋರಿಯಂ ಅಂಚಿಗೆ ಒತ್ತಿಕೊಳ್ಳುತ್ತದೆ. ಅಲ್ಲಿ ಅದುಮಿದ ಎಳೆಗಳು ಕೆಳಗೆ ಮೆಡುಲ್ಲಾದಲ್ಲಿ ಬದಿ ದಾಟುವುದರಿಂದ, ಆಗ ಪೆಟ್ಟಾದ ಬದಿಯ ಕೈಕಾಲೇ ಸೋಲುತ್ತವೆ. ಇದನ್ನು ಕರ್ನೊಹಾನ್ ನಾಚ್ ಎನ್ನುತ್ತಾರೆ. ಹಾಗಾಗಿ ಬದಿ ಗುರುತಿಸಲು ಕೈಕಾಲಿಗಿಂತ ಪಾಪೆ ಹೆಚ್ಚು ನಂಬಿಕಸ್ತ.

ಏರ್‌ವೇ, ಆಕ್ಸಿಜನ್ ಮೊದಲು. ಬೆನ್ನುಮೂಳೆಗೆ ಪೆಟ್ಟಿಲ್ಲವೆಂದು ಖಚಿತವಿದ್ದರೆ ತಲೆ 30 ಡಿಗ್ರಿ ಎತ್ತಿ. ಅನುಮಾನವಿದ್ದರೆ ನಡು ಮಡಿಸದೆ ಇಡೀ ಮಂಚವನ್ನೇ ವಾಲಿಸಿ. ಕತ್ತು ನೇರವಿರಲಿ, ಉಸಿರಿನ ಟ್ಯೂಬ್ ಕಟ್ಟಿದ ದಾರ ಅಥವಾ ಕತ್ತಿನ ಪಟ್ಟಿ (ಕಾಲರ್) ಬಿಗಿಯಾದರೆ ತಲೆಯಿಂದ ರಕ್ತ ಇಳಿಸುವ ಜುಗುಲಾರ್ ವೀನ್ ಅದುಮಿ ಒತ್ತಡ ಇನ್ನಷ್ಟು ಏರುತ್ತದೆ. ಸಕ್ಷನ್ (ಕಫ ಹೀರಿ ತೆಗೆಯುವುದು) ಒಂದು ಸಲಕ್ಕೆ 10ರಿಂದ 15 ಸೆಕೆಂಡ್ ಮೀರದಿರಲಿ. 5% ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣದ ಡ್ರಿಪ್) ಬೇಡ, ಅದರ ನೀರು ಮೆದುಳಿಗೆ ಇಳಿದು ಊತ ಹೆಚ್ಚುತ್ತದೆ.

ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಆರ್ಡರ್ ಬಂದರೆ 20% ಬಾಟಲಿಯ 100 ಮಿ.ಲೀ.ನಲ್ಲಿ 20 ಗ್ರಾಂ ಇದೆ ಎಂದು ನೆನಪಿಡಿ. ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಚಳಿಗೆ ಹರಳುಗಟ್ಟಿದ್ದರೆ ಬಿಸಿನೀರಿನಲ್ಲಿಟ್ಟು ಕುಲುಕಿ ಕರಗಿಸಿ, ಆರಿಸಿ, ಫಿಲ್ಟರ್ ಇರುವ ಸೆಟ್‌ನಲ್ಲಿ ಹಾಕಿ. ಹರಳು ಕರಗದಿದ್ದರೆ ಬಾಟಲಿ ಬದಲಿಸಿ. ಯೂರಿನ್ ಕ್ಯಾಥೆಟರ್ ಇದೆಯೇ ನೋಡಿ, ಔಟ್‌ಪುಟ್ ಗಂಟೆಗೊಮ್ಮೆ ಬರೆಯಿರಿ.