ಕಳ್ಳನ ನಂಬರ್ ಇದ್ರೆ ಕೊಡಿ

ನಮ್ಮ ಸಾಗರದ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಶೆಟ್ರ ಕ್ಯಾಂಟೀನಿನಲ್ಲಿ ಇರುವುದು ಎರಡೇ ಮಾತು. ಕೊನೆ (ಅಡಿಕೆ ಗೊಂಚಲು) ತೆಗೆಯೋಕೆ ಆಳು ಸಿಕ್ಕಿದ್ರಾ? ಈ ಸಲ ಯಾರ ತೋಟಕ್ಕೆ ಕಳ್ಳರು ಬಿದ್ರು? ಮೊನ್ನೆ ಭಾನುವಾರ ಎರಡೂ ಸೇರಿ ಒಂದೇ ಸುದ್ದಿಯಾಗಿ ಬಂತು.

ಸುದ್ದಿ ತಂದವರು ಭಟ್ರು. ಬೆಂಚಿನ ಮೇಲೆ ಕೂತು, ಟೋಪಿ ತೆಗೆದು, "ಕೆಳಗಿನ ತೋಟದಲ್ಲಿ ಇಪ್ಪತ್ತು ಮರದ ಕೊನೆ ಹೋಯ್ತು" ಅಂದರು. ನಾವೆಲ್ಲ ಛೆ ಛೆ ಅಂದೆವು. ಆದರೆ ಭಟ್ರ ಮುಖದಲ್ಲಿ ದುಃಖಕ್ಕಿಂತ ಮೆಚ್ಚುಗೆಯೇ ಜಾಸ್ತಿ ಇತ್ತು.

"ಎಂಥಾ ಕೆಲಸ ಅಂತೀರಿ! ಎಳೆಯದನ್ನ ಮುಟ್ಟಿಲ್ಲ, ಹಣ್ಣಾಗಿ ಗೋಟಾದದ್ದನ್ನ ಮುಟ್ಟಿಲ್ಲ. ಸರಿಯಾಗಿ ಹದ ಬಂದದ್ದೇ ತೆಗೆದಿದ್ದಾನೆ. ನೆಲದ ಮೇಲೆ ಒಂದು ಉದುರು ಅಡಿಕೆ ಇಲ್ಲ. ನಮ್ಮ ಕೊನೆಗಾರ ಅಡ್ವಾನ್ಸ್ ಇಸ್ಕೊಂಡು ಹೋಗಿ ಹದಿನೈದು ದಿನ ಆಯ್ತು, ಫೋನ್ ಎತ್ತೋದಿಲ್ಲ. ಈ ಪುಣ್ಯಾತ್ಮ ಕರೆಯದೇ ಬಂದ. ರಾತ್ರಿ ಪಾಳಿ. ಕಾಫಿ ಕೇಳಲಿಲ್ಲ, ತಿಂಡಿ ಕೇಳಲಿಲ್ಲ. ನಿಮ್ಮಲ್ಲಿ ಯಾರ ಹತ್ರ ಆದ್ರೂ ಅವನ ನಂಬರ್ ಇದ್ರೆ ಕೊಡಿ ಮಾರಾಯ್ರೆ, ಮೇಲಿನ ತೋಟಕ್ಕೂ ಅವನನ್ನೇ ಕರೆಸ್ತೀನಿ."

ಗೌಡ್ರು ತಲೆಯಾಡಿಸಿದರು. "ಅವನು ಮರ ಹತ್ತೇ ಇಲ್ಲ ಭಟ್ರೇ. ತುದಿಗೆ ಕತ್ತಿ ಇರೋ ಉದ್ದನೆ ಫೈಬರ್ ದೋಟಿ ತಂದಿರ್ತಾನೆ."

ಇದು ಯೋಚನೆ ಮಾಡುವ ಮಾತು. ಹಿಂದೆ ಕೊನೆ ಕದಿಯಬೇಕಾದರೆ ಕಳ್ಳನಿಗೆ ಮರ ಹತ್ತುವ ವಿದ್ಯೆ ಬೇಕಿತ್ತು. ಆ ವಿದ್ಯೆ ಗೊತ್ತಿದ್ದವರು ಊರಲ್ಲಿ ನಾಲ್ಕು ಜನ. ಅದರಲ್ಲಿ ಒಬ್ಬರಿಗೆ ವಯಸ್ಸಾಯಿತು, ಇನ್ನೊಬ್ಬರಿಗೆ ಸೊಂಟ ನೋವು. ಉಳಿದ ಇಬ್ಬರಲ್ಲಿ ಯಾರು ಅಂತ ಬೆಳಗಿನ ಕಾಫಿ ಮುಗಿಯೋದರೊಳಗೆ ತೀರ್ಮಾನ ಆಗುತ್ತಿತ್ತು. ಈಗ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು. ಮರ ಹತ್ತುವವರು ಸಿಗದೆ ಒದ್ದಾಡುತ್ತಿದ್ದ ನಮಗೆ ಅನುಕೂಲವಾಯಿತು ಅಂತ ಕುಣಿದೆವು. ಅನುಕೂಲ ಎಲ್ಲರಿಗೂ ಆಯಿತು.

"ಕಂಪ್ಲೇಂಟ್ ಕೊಟ್ರಾ?" ಅಂತ ಮೇಷ್ಟ್ರು ಕೇಳಿದರು. ಅವರು ರಿಟೈರ್ ಆದ ಮೇಲೆ ಕಾನೂನಿನ ಪುಸ್ತಕ ಓದುವ ಚಟ ಹತ್ತಿಸಿಕೊಂಡಿದ್ದಾರೆ.

"ಕೊಟ್ಟೆ. ಮಾಲಿನ ಗುರುತು ಹೇಳಿ ಅಂದ್ರು. ದುಂಡಗಿದೆ, ಹಸಿರಾಗಿದೆ ಅಂದೆ. ಬರ್ಕೊಂಡ್ರು."

ನಗಬೇಡಿ. ಅಡಿಕೆ ಕಳ್ಳತನದ ಕಷ್ಟ ಇರೋದೇ ಇಲ್ಲಿ. ಬೈಕಿಗೆ ನಂಬರ್ ಇದೆ, ಹಸುವಿಗೆ ಕಿವಿಯೋಲೆ ಇದೆ. ಅಡಿಕೆಗೆ ಏನಿದೆ? ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಿ, ಒಣಗಿಸಿದ ಮೇಲೆ ಭಟ್ರ ತೋಟದ್ದೂ ರಾಶಿ ಅನ್ನೋ ಕೆಂಪಡಿಕೆ, ನನ್ನ ತೋಟದ್ದೂ ರಾಶಿ. ಕ್ವಿಂಟಲ್‌ಗೆ 50 ಸಾವಿರದ ಆಚೆಗಿನ ರೇಟು ಕಂಡ ಮಾಲು, ಮೈಮೇಲೆ ಒಂದು ಗುರುತಿಲ್ಲ.

"ಮಡಗಾಸ್ಕರ್‌ನಲ್ಲಿ ವೆನಿಲಾ ಬೆಳೆಯೋರು ಗಿಡದಲ್ಲಿರೋ ಹಸಿ ಕೋಡಿಗೇ ಸೂಜಿಯಿಂದ ಚುಚ್ಚಿ ಗುರುತು ಹಾಕ್ತಾರೆ. ಒಣಗಿದ ಮೇಲೂ ಅದು ಹೋಗೋದಿಲ್ಲ" ಅಂದರು ಮೇಷ್ಟ್ರು.

"ಹತ್ತು ಕ್ವಿಂಟಲ್ ಅಡಿಕೆಗೆ ಹೆಸರು ಚುಚ್ಚೋಕೆ ಆಳು ನೀವು ತರ್ತೀರಾ?" ಅಂದರು ಭಟ್ರು.

ವೆನಿಲಾ ಅಂದ ಕೂಡಲೇ ಎಲ್ಲರೂ ಒಂದು ನಿಮಿಷ ಸುಮ್ಮನಾದರು. ನಮ್ಮಲ್ಲಿ ಆ ಗಾಯ ಹಳೆಯದು. 2003ರ ಹೊತ್ತಿಗೆ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೇಟು. ಬಳ್ಳಿ ಬುಡದಲ್ಲಿ ಕಂಬಳಿ ಹೊದ್ದು ಮಲಗಿದೆವು. ನಾಯಿ ಸಾಕಿದೆವು. ನಾನಂತೂ ಭಾವನನ್ನೂ ತೋಟದೊಳಗೆ ಬಿಡುತ್ತಿರಲಿಲ್ಲ. ಒಂದೆರಡು ವರ್ಷದಲ್ಲಿ ರೇಟು ನೆಲ ಕಚ್ಚಿತು. ಕಳ್ಳರು ಆ ಕಡೆ ತಿರುಗಿ ನೋಡಲಿಲ್ಲ. ನಾಯಿ ಮಾತ್ರ ಆಮೇಲೂ ಹತ್ತು ವರ್ಷ ಅನ್ನ ತಿಂದುಕೊಂಡಿತ್ತು.

ಕಳ್ಳರಿಗೆ ಪೇಟೆ ಧಾರಣೆ ನಮಗಿಂತ ಮೊದಲು ಗೊತ್ತಾಗುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದೇ ತಡ, ಹಳೇಬೀಡಿನ ಹತ್ತಿರ ಹೊಲದಿಂದ ಲಕ್ಷಗಟ್ಟಲೆ ಬೆಲೆಯ ಟೊಮೆಟೊ ಮಾಯ. ಬೆಂಗಳೂರಿನ ಹತ್ತಿರ ಎರಡು ಟನ್ನಿಗೂ ಹೆಚ್ಚು ಟೊಮೆಟೊ ಇದ್ದ ಗಾಡಿಯನ್ನೇ ಹೊಡೆದುಕೊಂಡು ಹೋದರು. ಅದೇ ಟೊಮೆಟೊವನ್ನು ರೇಟಿಲ್ಲದೆ ರಸ್ತೆಗೆ ಸುರಿದ ವರ್ಷ ಒಬ್ಬ ಕಳ್ಳನೂ ಬಂದು ಎತ್ತಿಕೊಂಡು ಹೋಗಲಿಲ್ಲ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "2024ರ ಜುಲೈ ಒಂದರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನಕ್ಕೆ ಹಿಂದಿನ ದಂಡಸಂಹಿತೆಯ ಸೆಕ್ಷನ್ 379 ಇತ್ತು, ಈಗ 303. ಮಾಲಿನ ಬೆಲೆ 5 ಸಾವಿರಕ್ಕಿಂತ ಕಡಿಮೆ ಇದ್ದು, ಅವನಿಗೆ ಅದೇ ಮೊದಲ ಶಿಕ್ಷೆಯಾಗಿದ್ದು, ಕದ್ದದ್ದನ್ನ ವಾಪಸ್ ಕೊಟ್ರೆ, ಜೈಲಿಲ್ಲ. ಸಮುದಾಯ ಸೇವೆ."

"ಸಮುದಾಯ ಸೇವೆ ಅಂದ್ರೆ?"

"ಸಂಬಳ ಇಲ್ಲದೆ ಊರಿಗೆ ಉಪಯೋಗ ಆಗೋ ಕೆಲಸ ಮಾಡೋದು."

ಭಟ್ರು ಎದ್ದು ನಿಂತರು. "ಹಾಗಾದ್ರೆ ನಾನು ಹೋಗಿ ಬೆಲೆ ಇಳಿಸಿ ಬರೆಸ್ತೀನಿ. 4,900. ಸೇವೆ ನನ್ನ ಮೇಲಿನ ತೋಟದಲ್ಲೇ ಮಾಡ್ಲಿ!"

ಅವರನ್ನು ಹಿಡಿದು ಕೂರಿಸಬೇಕಾಯಿತು.

ಗೌಡ್ರಿಗೆ ಈ ಕಾನೂನೆಲ್ಲ ಆಗಿಬರುವುದಿಲ್ಲ. "ಕೋವಿ ಇಟ್ಕೊಳ್ಳಿ ಭಟ್ರೇ" ಅಂದರು.

"ನಿಮ್ಮ ಕೋವಿ ಎಲ್ಲಿದೆ?"

ಗೌಡ್ರು ಕಾಫಿ ಲೋಟ ನೋಡಿದರು. ಚುನಾವಣೆ ಬಂದಾಗೆಲ್ಲ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸಿ ಅಂತಾರೆ. ನಮ್ಮ ದೇಶದಲ್ಲಿ ಚುನಾವಣೆಗೆ ಬರವೇ? ಪಂಚಾಯಿತಿ, ವಿಧಾನಸಭೆ, ಲೋಕಸಭೆ. ಗೌಡ್ರ ಕೋವಿ ಗೌಡ್ರ ಮನೆಯಲ್ಲಿ ಇದ್ದದ್ದಕ್ಕಿಂತ ಹೊರಗೆ ಇದ್ದದ್ದೇ ಜಾಸ್ತಿ ಅಂತ ಅವರ ಹೆಂಡತಿಯೇ ಹೇಳುತ್ತಾರೆ. ಮಂಗಗಳಿಗೂ ಇದು ಗೊತ್ತಾಗಿದೆ.

ಬೇಲಿಯ ಮಾತೂ ಬಂತು. ಸೋಲಾರ್ ಬೇಲಿ ಸರಿ. ಅದು ಝುಮ್ ಅನಿಸಿ ಬಿಡುತ್ತದೆ. ಕೆಲವರು ಲೈನಿನಿಂದ ನೇರ ಕರೆಂಟ್ ಎಳೆದು ತಂತಿಗೆ ಕೊಡುತ್ತಾರೆ. ಅದು ಅಪರಾಧ. ಮುಟ್ಟುವವನು ಕಳ್ಳನೇ ಆಗಿರಬೇಕು ಅಂತ ತಂತಿಗೆ ಗೊತ್ತಿರುವುದಿಲ್ಲ. ಇದರಲ್ಲಿ ಯಾರೂ ತಮಾಷೆ ಮಾಡಲಿಲ್ಲ.

ಗೌಡ್ರು ತಮ್ಮ ಕಷ್ಟಕ್ಕೆ ಬಂದರು. ಹೊಳೆ ಅಂಚಿನ ಪಂಪ್‌ಸೆಟ್ಟಿನ ಕೇಬಲ್ ಈ ವರ್ಷ ಎರಡನೇ ಸಲ ಹೋಗಿದೆ. ಕೊಯ್ದುಕೊಂಡು ಹೋಗಿ, ಮೇಲಿನ ರಬ್ಬರ್ ಸುಟ್ಟು, ಒಳಗಿನ ತಾಮ್ರ ಗುಜರಿಗೆ ಮಾರುತ್ತಾರೆ. ಗೌಡ್ರಿಗೆ ಸಾವಿರಗಟ್ಟಲೆ ನಷ್ಟ, ಅವನಿಗೆ ಒಂದೆರಡು ದಿನದ ಖರ್ಚಿಗಾಯಿತು. "ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ ಕೊಡ್ತೀವಿ ಅಂತಾರೆ. ಯಾವಾಗ ಬರುತ್ತೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಯಾವಾಗ ಇರೋದಿಲ್ಲ ಅಂತ ಅವನಿಗೆ ಹೇಗೆ ರೀ ಗೊತ್ತಾಗುತ್ತೆ?"

"ಹಿಂದೆ ಚೌಡಿ ಇದ್ದಳು" ಅಂದೆ ನಾನು. ತೋಟ ಕಾಯುವ ದೇವತೆ. ತೋಟದ ಮೂಲೆಯಲ್ಲಿ ಒಂದು ಕಲ್ಲು, ಒಂದಿಷ್ಟು ಕುಂಕುಮ. ಕತ್ತಲಾದ ಮೇಲೆ ಆ ಕಡೆ ಹೋಗಲು ತೋಟದ ಯಜಮಾನನೇ ಹೆದರುತ್ತಿದ್ದ.

"ಈಗಲೂ ಇದ್ದಾಳೆ" ಅಂದರು ಭಟ್ರು. "ಬೆಳಗ್ಗೆ ನೋಡಿದ್ರೆ ಚೌಡಿ ಮುಂದೆ ಊದಿನಕಡ್ಡಿ ಹಚ್ಚಿದ್ದಾನೆ. ಹತ್ತು ರೂಪಾಯಿ ಕಾಣಿಕೆ ಬೇರೆ ಇಟ್ಟಿದ್ದಾನೆ. ನಾನು ಕೈ ಮುಗಿದೇ ಮೂರು ತಿಂಗಳಾಗಿತ್ತು. ಅವಳು ಯಾರ ಪರ ನಿಲ್ತಾಳೆ ಹೇಳಿ?"

ಇದಕ್ಕೆ ಮೇಷ್ಟ್ರ ಪುಸ್ತಕದಲ್ಲೂ ಉತ್ತರ ಇರಲಿಲ್ಲ.

ನನಗನಿಸುವುದು ಇಷ್ಟು. ಕಳ್ಳನಿಗೆ ನಮ್ಮ ತೋಟ ಗೊತ್ತು. ಯಾವ ಮರ ಹದಕ್ಕೆ ಬಂದಿದೆ, ಬೇಲಿ ಬಾಗಿಲಿನ ಯಾವ ದಣಪೆ ಸಡಿಲ, ಯಾವ ನಾಯಿ ಬಿಸ್ಕತ್ತಿಗೆ ಬಾಲ ಅಲ್ಲಾಡಿಸುತ್ತದೆ, ಎಲ್ಲ ಗೊತ್ತು. ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಭಟ್ರ ಮಗ ಬೆಂಗಳೂರಿನಲ್ಲಿದ್ದಾನೆ. ಒಳ್ಳೆಯ ಹುಡುಗ. ಅಂಗಳಕ್ಕೆ ಕ್ಯಾಮೆರಾ ಹಾಕಿಸಿ, ಅಲ್ಲೇ ಕೂತು ಮೊಬೈಲಿನಲ್ಲಿ ನೋಡುತ್ತಾನೆ. ಮೊದಲನೇ ವಾರವೇ ರಾತ್ರಿ ಎರಡಕ್ಕೆ ಫೋನ್. "ಅಪ್ಪಾ, ಅಂಗಳದಲ್ಲಿ ಯಾರೋ ಟೋಪಿ ಹಾಕ್ಕೊಂಡು ಓಡಾಡ್ತಾ ಇದ್ದಾರೆ!"

"ನಾನೇ ಕಣೋ. ಹೊರಗೆ ಹೋಗೋಕೆ ಎದ್ದಿದ್ದೆ."

ಕ್ಯಾಮೆರಾ ಬೇಡ ಅಂತಲ್ಲ. ಅಂಗಳದ ಬೆಳಕೂ ಬೇಕು, ಒಣಗಿದ್ದನ್ನು ಅಟ್ಟದಲ್ಲಿ ಗುಡ್ಡೆ ಹಾಕಿಕೊಳ್ಳದೆ ಸೊಸೈಟಿ ಗೋದಾಮಿಗೆ ಸೇರಿಸುವುದೂ ಒಳ್ಳೆಯದು. ಆದರೆ ಕದ್ದ ಹಸಿ ಅಡಿಕೆಯನ್ನು ಯಾರೂ ಬಾಯಿಗೆ ಹಾಕಿಕೊಂಡು ಕೂರುವುದಿಲ್ಲ. ಬೆಳಗಾಗುವುದರೊಳಗೆ ಎಲ್ಲೋ ಒಂದು ತಕ್ಕಡಿ ಮೇಲೆ ಅದು ಕೂರಲೇಬೇಕು. ತೋಟವೇ ಇಲ್ಲದವನು ಐದು ಮೂಟೆ ತಂದರೆ ಎಲ್ಲಿಂದ ತಂದೆ ಅಂತ ಕೊಳ್ಳುವವರು ಒಂದು ಮಾತು ಕೇಳಿದರೆ ಸಾಕು. ಗುಜರಿ ತಾಮ್ರಕ್ಕೂ ಇದೇ ಮಾತು. ನಾವು ತೋಟದಲ್ಲಿ ಹಿಡಿಯಲು ಹೋಗುತ್ತೇವೆ, ಕತ್ತಲಲ್ಲಿ, ಸೊಂಟ ನೋವು ಇಟ್ಟುಕೊಂಡು.

ನಾನು ಇದನ್ನೆಲ್ಲ ಗಂಭೀರವಾಗಿ ಹೇಳುತ್ತಿದ್ದಾಗಲೇ ಭಟ್ರ ಫೋನ್ ಹೊಡೆಯಿತು. ಮಗ. ಸ್ಪೀಕರ್ ಹಾಕಿದರು.

"ಅಪ್ಪಾ, ಎಲ್ಲಿದ್ದೀಯಾ? ಅಂಗಳದಲ್ಲಿ ಯಾರೋ ಅಡಿಕೆ ಮೂಟೆಗೆ ತುಂಬ್ತಾ ಇದ್ದಾರೆ. ಬೇಗ ಹೋಗು!"

ಹಗಲು ಹೊತ್ತಿನಲ್ಲೇ! ಗೌಡ್ರ ಜೀಪಿಗೆ ಹಾರಿದೆವು. ಮೇಷ್ಟ್ರು ದಾರಿಯುದ್ದಕ್ಕೂ 112ಕ್ಕೆ ಮಾಡಲಾ ಅಂತ ಕೇಳುತ್ತಿದ್ದರು, ನೆಟ್‌ವರ್ಕ್ ಇರಲಿಲ್ಲ. ಶೆಟ್ರು ದೋಸೆ ಸಟ್ಟುಗ ಹಿಡಿದುಕೊಂಡೇ ಹತ್ತಿದ್ದರು.

ಅಂಗಳದಲ್ಲಿ ಭಟ್ರ ಹೆಂಡತಿ ಒಬ್ಬರೇ ಇದ್ದರು. ಸೆರಗು ಸಿಕ್ಕಿಸಿಕೊಂಡು ಅಡಿಕೆ ಬಾಚುತ್ತಿದ್ದರು. ಆಗ ತಲೆ ಎತ್ತಿ ನೋಡಿದೆವು. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟಿತ್ತು.

"ಬಂದ್ರಾ? ಆ ಮೂಲೆಯಿಂದ ಶುರು ಮಾಡಿ. ಹನಿ ಬಿದ್ರೆ ಎಲ್ಲ ಬೂಷ್ಟು ಹಿಡಿಯುತ್ತೆ."

"ಅತ್ತಿಗೆ, ಕಳ್ಳರು?" ಅಂದೆ.

"ಯಾವ ಕಳ್ಳರೂ ಇಲ್ಲ. ಹಾಗೆ ಹೇಳು ಅಂತ ಮಗನಿಗೆ ನಾನೇ ಹೇಳಿದ್ದು. ಅಡಿಕೆ ತುಂಬೋಕೆ ಬನ್ನಿ ಅಂದಿದ್ರೆ ನಿಮ್ಮಲ್ಲಿ ಒಬ್ಬರಾದ್ರೂ ಬರ್ತಿದ್ರಾ?"

ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. ಶೆಟ್ರು ಸಟ್ಟುಗವನ್ನು ಜಗಲಿಯ ಮೇಲಿಟ್ಟು ಮೂಟೆಯ ಬಾಯಿ ಹಿಡಿದರು.